ಗುಲಾಬಿ ಬಣ್ಣಕ್ಕೆ ತಿರುಗಿದ ಬೂದುಗುಂಬಳ

ನಲ್ಲಿ ನೀರು ಹಿಡಿದೆ, ಬಾಗಿಲು ಸಾರಿಸಿ ರಂಗೋಲಿ ಇಟ್ಟೆ, ಅತ್ತೆಗೆ ಸ್ನಾನಕ್ಕೆ ನೀರು ಕಾಯಿಸಿಕೊಟ್ಟೆ, ದಸರಾ ಗೊಂಬೆಗಳನ್ನು ಒರೆಸಿ ಪೆಟ್ಟಿಗೆಗೆ ತುಂಬಿದೆ, ಯಜಮಾನರ ಡಬ್ಬಿಗೆ ಚಿತ್ರಾನ್ನ ಹಾಕಿದೆ. ವಿಜಯದಶಮಿಯ ಮರುದಿನ ಅದು, ಎಂಬತ್ತರ ದಶಕದ ನಡುವಿನ ಯಾವುದೋ ವರ್ಷ. ಆಮೇಲೆ ಸೌಟು ಹಿಡಿದು, ಹೊಸಹಳ್ಳಿಯ ನಮ್ಮ ಮನೆಯಿಂದ ಮಾರ್ಕೆಟ್ಟಿನ ಪಕ್ಕದ ಮೈದಾನಕ್ಕೆ ಹೋದೆ.

ಚಿತ್ರಕಲೆ ಕಲಿತ ನಾಲ್ವರು ಯುವಕರು ಅಲ್ಲೊಂದು ಕಾರ್ಯಕ್ರಮ ಹಾಕಿಕೊಂಡಿದ್ದರು. ಮಾರಾಟವಾಗದೆ ಉಳಿದ ತರಕಾರಿ ಜೋಡಿಸಿ ನೆಲದ ಮೇಲೆ ದೊಡ್ಡ ಚಿತ್ರ ಮಾಡುವುದು, ಜನ ನೋಡಿದ ಮೇಲೆ ಅದನ್ನೇ ಬೇಯಿಸಿ ಮಾರ್ಕೆಟ್ ಗುಡಿಸುವ ಹೆಂಗಸರಿಗೆ ಬಡಿಸುವುದು. ನಮ್ಮ ಬೀದಿಯ ಗಣೇಶನ ಹಬ್ಬಕ್ಕೆ ನಾನೇ ಅಡುಗೆ ಮಾಡುತ್ತಿದ್ದರಿಂದ ನನ್ನನ್ನು ಕರೆದಿದ್ದರು. ಮನೆಯಲ್ಲಿ ಒಲೆ ಹಚ್ಚಬೇಡಿ ಎಂದು ಆ ಹೆಂಗಸರಿಗೆ ಮೊದಲೇ ಹೇಳಿಬಿಟ್ಟಿದ್ದರು. ನಸುಕಿನಿಂದ ಪೊರಕೆ ಆಡಿಸಿದ ಹನ್ನೆರಡು ಜನ ಬರಿಹೊಟ್ಟೆಯಲ್ಲಿ ತಟ್ಟೆ ಹಿಡಿದು ಕೂತಿದ್ದರು.

ಅನ್ನ ಆಗಿತ್ತು. ಜನ ನೋಡಿ ಹೋದ ಮೇಲೆ ಯುವಕರು ಚಿತ್ರದಿಂದ ಎತ್ತಿದ ಎರಡು ಬುಟ್ಟಿ ಬೂದುಗುಂಬಳದ ಹೋಳು ತಂದಿಟ್ಟರು. ಮಜ್ಜಿಗೆಹುಳಿ ಮಾಡೋಣವೆಂದು ಬೇಯಲು ಹಾಕಿದೆ. ಕುದಿ ಬರುತ್ತಲೇ ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. ಕೊಳೆತ ವಾಸನೆ, ಅದರೊಳಗೆ ಡೀಸೆಲ್ಲಿನ ಕಮಟು. ಕಲಕಿದರೆ ಅಡಿಯಲ್ಲಿ ಏನೋ ಕಿರ್ ಎಂದಿತು. ಎತ್ತಿ ನೋಡಿದೆ: ಹತ್ತು ಪೈಸೆಯ ನಾಣ್ಯ, ಅಂಟಿಕೊಂಡ ಕುಂಕುಮ.

"ಕಲರ್ ಎಷ್ಟ್ ಚೆನ್ನಾಗಿದೆ ಅಲ್ವಾ ಆಂಟಿ!" ಎಂದ ಅವರಲ್ಲಿದ್ದ ಗಡ್ಡದವನು.

ಗುಡಿಸುವವರಲ್ಲಿ ಹಿರಿಯಳೊಬ್ಬಳು ಎದ್ದು ಬಂದು ಪಾತ್ರೆಗೆ ಇಣುಕಿದಳು. "ಅಯ್ಯೋ ಅಮ್ಮ, ಆಯುಧಪೂಜೆಗೆ ಲಾರಿಗಳ್ ಮುಂದೆ ಒಡ್ದಿದ್ ಕಾಯಿ ಕಣಮ್ಮ ಇದು. ನಿನ್ನೆ ನಾನೇ ಗುಡ್ಸಿ ಮೋರಿ ಪಕ್ಕ ಗುಡ್ಡೆ ಹಾಕಿದ್ದೆ!"

ದೃಷ್ಟಿ ನಿವಾಳಿಸಿ ಒಡೆದ ಕಾಯಿಯನ್ನು ನಾವು ದಾಟುವುದೂ ಇಲ್ಲ, ಸುತ್ತಿಕೊಂಡು ಹೋಗುತ್ತೇವೆ. ಅದಿರಲಿ, ಎರಡು ದಿನ ಚಕ್ರದಡಿ, ಮೋರಿಯ ಬದಿ ಬಿದ್ದದ್ದು!

"ತೊಳ್ದಿದೀವಿ ಆಂಟಿ. ದೃಷ್ಟಿಗಿಷ್ಟಿ ಎಲ್ಲ ಮೂಢನಂಬಿಕೆ."

"ಹಾಗಿದ್ರೆ ಮೊದಲ ಪಂಕ್ತಿ ನಿಮ್ದೇ ಆಗ್ಲಿ. ಕೂತ್ಕೊಳ್ಳಿ, ಬಡಿಸ್ತೀನಿ."

"ನಾವು... ಈಗಷ್ಟೇ ದೋಸೆ ತಿಂದ್ಕೊಂಡ್ ಬಂದ್ವಿ."

"ನಮ್ ಹೊಟ್ಟೆ ಏನ್ ಮೋರಿನಾ ಸಾಮಿ?" ಎಂದು ಆ ಹಿರಿಯಳು ನಕ್ಕೇಬಿಟ್ಟಳು. ಉಳಿದವರಾರೂ ನಗಲಿಲ್ಲ, ಕೆಲವರು ತಟ್ಟೆ ಸೆರಗಿಗೆ ಸುತ್ತಿಕೊಂಡು ಏಳತೊಡಗಿದರು. ಎದ್ದುಹೋದರೆ ಅವರಿಗೆ ಆ ಮಧ್ಯಾಹ್ನ ಊಟವಿಲ್ಲ.

"ಸ್ವಲ್ಪ ಇರ್ರಮ್ಮ" ಎಂದು ಕೂರಿಸಿದೆ. ಪಾತ್ರೆಯನ್ನು ತಿಪ್ಪೆಗೆ ಬಗ್ಗಿಸಿದೆ. ಮನೆಗೆ ಓಡಿ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿ ತಂದೆ. ಹುಳಿಗೆಂದು ತಂದಿಟ್ಟಿದ್ದ ಮೊಸರನ್ನು ಅನ್ನಕ್ಕೆ ಕಲಸಿ, ಉಪ್ಪು ಹಾಕಿ ಬಡಿಸಿದೆ. ಮೊದಲ ತುತ್ತನ್ನು ಒಬ್ಬೊಬ್ಬರೂ ಮೂಸಿ ನೋಡಿ ಬಾಯಿಗಿಟ್ಟರು. ನನ್ನ ಕೈಯ ಅನ್ನವನ್ನು ಹಾಗೆ ಯಾರೂ ಮೂಸಿರಲಿಲ್ಲ. ಅಷ್ಟು ಹೊತ್ತಿಗೆ ಗಡ್ಡದವನು ಖಾಲಿ ಬುಟ್ಟಿಗಳ ಫೋಟೊ ತೆಗೆಯುತ್ತಿದ್ದ.

ಸಂಜೆ ಮನೆಯಲ್ಲಿ ಅನ್ನ, ತಿಳಿಸಾರು, ಸುಟ್ಟ ಹಪ್ಪಳ. ಸೀಗೆಪುಡಿಯಲ್ಲಿ ತಿಕ್ಕಿದರೂ ಕೈಯ ನಾತ ಹೋಗದೆ ನಾನು ಚಮಚದಲ್ಲಿ ಎರಡು ತುತ್ತು ತಿಂದೆ. ಅತ್ತೆ ಎಲ್ಲರಿಗಿಂತ ಮೊದಲು ಮಲಗಿದರು.