ಗುಂಯಿ ಬಿಡದ ಡಬ್ಬಿ

ನಾನು ನಿಂತಿದ್ದದ್ದು ವಡಗಾವಿಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ, ಟೇಪ್ ಡೆಕ್ ಇಟ್ಟ ಮೇಜಿನ ಎಡಕ್ಕೆ. ಮೈಕಿನ ಕಂಬ ನನ್ನಿಂದ ಒಂದು ಮಾರು ದೂರದಲ್ಲಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ಮಗ್ಗಗಳಿಗೆ ವಾರದ ರಜೆ ಇದ್ದ ದಿನ. ಬೆಳಗಿನ ನಾಷ್ಟಾ ಮುಗಿದಿತ್ತು, ಮಧ್ಯಾಹ್ನದ ಅಡುಗೆಗೆ ಇನ್ನೂ ಒಲೆ ಹೊತ್ತಿಸಿರಲಿಲ್ಲ. ಹೆಡ್‌ಫೋನ್ ನನ್ನ ಕಿವಿಯ ಮೇಲಿತ್ತು, ಆದ್ದರಿಂದ ಆ ಕೋಣೆಯಲ್ಲಿದ್ದ ಬೇರೆ ಯಾರಿಗಿಂತಲೂ ಹತ್ತಿರದಿಂದ ಕೇಳಿದವನು ನಾನು. ಇದನ್ನು ಮೊದಲೇ ಹೇಳಲು ಕಾರಣವಿದೆ. ಆ ದಿನ ನನ್ನ ಅಕ್ಕನ ಸ್ವರ ತಪ್ಪಿತು ಎಂಬ ಮಾತು ಪಕ್ಕದ ಶಹಾಪುರದಲ್ಲಿ ಬಹಳ ಕಾಲ ಓಡಾಡಿತು. ತಪ್ಪಿರಲಿಲ್ಲ.

ಆ ಕೋಣೆಯಲ್ಲಿ ಮೊದಲು ಅಕ್ಕನ ಕರೆಂಟಿನ ಮಗ್ಗವಿತ್ತು. ಅದನ್ನು ಮುಂದಿನ ಶೆಡ್ಡಿಗೆ ಸಾಗಿಸಿದ ಮೇಲೆ ಕೋಣೆ ನನಗೆ ಸಿಕ್ಕಿತು. ಗೋಡೆಗೆ ಹಳೆಯ ಕೌದಿಗಳನ್ನು ತೂಗುಬಿಟ್ಟು, ಕಿಟಕಿಗೆ ಗೋಣಿತಟ್ಟು ಬಡಿದು, ಅದನ್ನು ರೆಕಾರ್ಡಿಂಗ್ ರೂಮು ಎಂದು ಕರೆಯುತ್ತಿದ್ದೆ. ಕಚೇರಿ ಕೆಲಸ ಮುಗಿಸಿ ಬಂದು ಅಲ್ಲಿ ಭಜನೆ, ನಾಟಕದ ತಾಲೀಮು, ಏನು ಸಿಕ್ಕರೂ ಟೇಪಿಗೆ ಹಿಡಿಯುತ್ತಿದ್ದೆ.

ಅಕ್ಕ ಬೀಗರ ಹಾಡು ಕಟ್ಟುತ್ತಿದ್ದಳು. ಮದುವೆಯಲ್ಲಿ ಎದುರು ಪಕ್ಷದವರನ್ನು ಚೇಷ್ಟೆ ಮಾಡುವ ಹಾಡುಗಳು. ಸಾಲು ಕನ್ನಡದಲ್ಲಿ ಶುರುವಾಗಿ ಮರಾಠಿಯ ಒಂದು ಮಾತಿನಲ್ಲಿ ಮುಗಿಯುತ್ತಿತ್ತು, ಏಕೆಂದರೆ ನಮ್ಮ ಓಣಿಯ ಬೀಗರು ಎರಡೂ ಕಡೆಯವರು. ಅವಳ ದನಿ ದಪ್ಪ, ಕೆಳಗಿನದು. ಕಾಣದೆ ಕೇಳಿದವರು ಗಂಡಸೆಂದುಕೊಳ್ಳುತ್ತಿದ್ದರು.

ಶಹಾಪುರದ ಒಬ್ಬ ಕ್ಯಾಸೆಟ್ ವ್ಯಾಪಾರಿ ಒಂದು ಮದುವೆಯಲ್ಲಿ ಆ ಹಾಡುಗಳನ್ನು ಕೇಳಿ ಕ್ಯಾಸೆಟ್ ಮಾಡುತ್ತೇನೆಂದು ಮನೆಗೆ ಬಂದರು. ಅವರೇ ಹಾರ್ಮೋನಿಯಂ ಪೆಟ್ಟಿಗೆ ನುಡಿಸುವವರು. ಅವರದು ಒಂದು ಕರಾರು. ಧ್ವನಿ ಸ್ವಚ್ಛ ಬರಬೇಕು, ಸ್ವರ ಪೆಟ್ಟಿಗೆಗೆ ಕೂಡಬೇಕು. ಇಲ್ಲದಿದ್ದರೆ ಶಿವಬಸವ ನಗರದಲ್ಲಿ ಸಂಗೀತ ಕಲಿಯುತ್ತಿದ್ದ ಒಬ್ಬ ಹುಡುಗಿಯಿಂದ ಹಾಡಿಸುತ್ತಾರೆ.

"ಹಾಡು ನಿಮ್ಮವ ಇರತಾವ ಅಕ್ಕಾರ, ದನಿ ಅಷ್ಟ ಬ್ಯಾರೇದು. ಅದರಾಗ ಏನ್ ಹೋತು?" ಎಂದರು.

ಅಕ್ಕ ಅವರಿಗೆ ಚಹಾ ಕೊಟ್ಟು ಕಳಿಸಿದಳು. ಲೋಟ ಎತ್ತುತ್ತ ನನಗೆ ಹೇಳಿದ್ದು ಇಷ್ಟು: "ನನ್ನ ಹಾಡು ನನ್ನ ಬಾಯಿಲೇ ಬರಲಿ. ಇಲ್ಲಾಂದ್ರ ಬರೂದ ಬ್ಯಾಡ."

ಹಾಗಾಗಿ ಪ್ರಿಆಂಪಿನ ಪ್ರಶ್ನೆ ಎದ್ದಿತು. ಮೈಕಿನಿಂದ ಹೊರಡುವ ದನಿ ಬಹಳ ಸಣ್ಣದು. ಟೇಪಿಗೆ ಮುಟ್ಟುವ ಮೊದಲು ಅದನ್ನು ಎತ್ತಿ ದೊಡ್ಡದು ಮಾಡುವ ಡಬ್ಬಿಯೇ ಪ್ರಿಆಂಪ್. ಅಲ್ಲಿ ಏನು ಸೇರಿತೋ ಅದು ಕೊನೆಯವರೆಗೂ ಉಳಿಯುತ್ತದೆ. ನನ್ನ ಡೆಕ್ಕಿನಲ್ಲಿ ಇದ್ದದ್ದು ಕಾದ ಎಣ್ಣೆಗೆ ಒಗ್ಗರಣೆ ಬಿದ್ದಂತೆ ಸುಂಯ್‌ಗುಡುತ್ತಿತ್ತು. ಬೇರೆಯದು ಬೇಕೇ ಬೇಕಿತ್ತು.

ಖಾನಾಪುರದಲ್ಲಿ ನನ್ನ ಗೆಳೆಯನೊಬ್ಬ ರೇಡಿಯೋ ರಿಪೇರಿ ಮಾಡುತ್ತಿದ್ದ. ರೈಲಿನಲ್ಲಿ ಹೋದೆ. ಅವನು ಹಳೆಯ ರೇಡಿಯೋಗಳ ಗಾಜಿನ ವಾಲ್ವುಗಳನ್ನು ಒಂದು ಬಿಸ್ಕೀಟಿನ ಡಬ್ಬಿಯೊಳಗೆ ಕೂರಿಸಿ ಪ್ರಿಆಂಪ್ ಕಟ್ಟಿದ್ದ. ಅಂಗಡಿಯಲ್ಲೇ ಮೈಕು ಹಚ್ಚಿ ನನ್ನಿಂದ ಮಾತಾಡಿಸಿದ. ನನ್ನ ದನಿ ನನ್ನದಾಗಿಯೇ ಕೇಳಿತು, ಎದೆಯಿಂದ ಬಂದಂತೆ. ಆದರೆ ಕೆಳಗೆ ಒಂದು ಗುಂಯ್‌ಗುಟ್ಟುವ ನಾದ ಬಿಡದೆ ಇತ್ತು. ಡಬ್ಬಿಯ ಟ್ರಾನ್ಸ್‌ಫಾರ್ಮರ್ ಬರಿಯ ಕಿವಿಗೂ ಕೇಳುತ್ತಿತ್ತು. ಕಂಡೆನ್ಸರ್ ಬದಲಿಸಿದ, ಅರ್ಥಿಂಗ್ ತಂತಿ ಬದಲಿಸಿದ. ಹೋಗಲಿಲ್ಲ.

"ಇದು ನನ್ನ ಮಾವ ಇದ್ದಂಗ ನೋಡ ದೋಸ್ತ," ಎಂದ. "ಗುರುಗುಡತಾನ, ಖರೇ ಕೆಲಸಕ್ಕ ಬರತಾನ."

ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಅದೇ ವಾರ ವ್ಯಾಪಾರಿ ಮುಂಬಯಿಯಿಂದ ಒಂದು ಬೂದು ಬಣ್ಣದ ಟ್ರಾನ್ಸಿಸ್ಟರ್ ಪ್ರಿಆಂಪ್ ತರಿಸಿದರು. ಅಂಗೈಯಷ್ಟು ಅಗಲ, ಬ್ಯಾಟರಿಯ ಮೇಲೆ ಓಡುವುದು. ಎರಡನ್ನೂ ಹಚ್ಚಿ ನೋಡಿ ಒಂದನ್ನು ಆರಿಸೋಣ ಎಂದು ರಜೆಯ ದಿನ ಎಲ್ಲರೂ ಸೇರಿದೆವು. ಅಕ್ಕ, ವ್ಯಾಪಾರಿ, ಖಾನಾಪುರದ ಗೆಳೆಯ, ಹಾಡಿಗೆ ಹಿಮ್ಮೇಳ ಹೇಳಲು ಪಕ್ಕದ ಮನೆಯ ಹೆಂಗಸು, ನಾನು. ಪಕ್ಕದ ಮನೆಯವಳೂ ಮಗ್ಗದವಳೇ, ಅಕ್ಕನ ವಾರಿಗೆಯವಳು.

ವ್ಯಾಪಾರಿ ಒಳಗೆ ಬಂದಾಗ ಬಿಸ್ಕೀಟಿನ ಡಬ್ಬಿ ಮೇಜಿನ ಮೇಲೆ ಚಾಲೂ ಇತ್ತು. ಅವರು ಹಾರ್ಮೋನಿಯಂ ಇಳಿಸುವ ಮೊದಲೇ ಹೇಳಿದರು: "ಮೊದಲ ಈ ಗುಂಯಿ ತಗೀರಿ."

ಅಕ್ಕ ಥಟ್ಟನೆ ನನ್ನ ಕಡೆ ನೋಡಿದಳು. ಅವಳ ಮುಖ ಕಂಡೆ, ಅರ್ಥವಾಗಲಿಲ್ಲ. ಸ್ವಿಚ್ಚು ಆರಿಸಿದೆ.

ಬೂದು ಡಬ್ಬಿ ಹಚ್ಚಿದೆವು. ಅಷ್ಟು ಮೌನವನ್ನು ನಾನು ಆ ಕೋಣೆಯಲ್ಲಿ ಎಂದೂ ಕೇಳಿರಲಿಲ್ಲ. ಅಕ್ಕನ ಬಳೆ ಸರಿದದ್ದು ಕೇಳಿತು. ಅವಳು ಉಗುಳು ನುಂಗಿದ್ದು ಕೇಳಿತು. ವ್ಯಾಪಾರಿ ಬಿಳಿ ಐದು ಒತ್ತಿ ಹಿಡಿದರು. ಹಾರ್ಮೋನಿಯಂನ ಪಟ್ಟಿಗಳಿಗೆ ನಮ್ಮಲ್ಲಿ ಮನೆ ಎನ್ನುತ್ತಾರೆ, ಬಿಳಿಯ ಐದನೆಯ ಮನೆ ಅದು. ಅಕ್ಕ ಅದರ ಮೇಲೆ ದನಿ ಇಟ್ಟಳು. ಒಂದು ಸಾಲು ಕೂಡಿತು. ಎರಡನೆಯ ಸಾಲಿನಲ್ಲಿ ದನಿ ಕೂದಲೆಳೆಯಷ್ಟು ಮೇಲೆ ಸರಿಯಿತು. ವ್ಯಾಪಾರಿ ಕೈ ಎತ್ತಿದರು. ಮತ್ತೆ ಶುರು. ಮತ್ತೆ ಅಲ್ಲಿಗೇ ಸರಿಯಿತು.

"ಬಿಳಿ ಐದು ಹಿಡೀರಿ ಅಕ್ಕಾರ. ನೀವು ಮಾಳಗಿ ಏರಾಕತ್ತೀರಿ."

ಅವಳು ಇಳಿಯಲು ನೋಡಿದಳು. ಆಗ ಆದದ್ದನ್ನು ನಾನು ಹೆಡ್‌ಫೋನಿನಲ್ಲಿ ಕೇಳಿದೆ. ಕತ್ತಲಲ್ಲಿ ಮೆಟ್ಟಿಲಿದೆ ಎಂದು ಕಾಲಿಟ್ಟವರಿಗೆ ಮೆಟ್ಟಿಲು ಸಿಗದಿದ್ದರೆ ಹೇಗೋ ಹಾಗೆ, ಅವಳ ದನಿ ಒಂದು ಕ್ಷಣ ಕೆಳಗೆ ತಡಕಾಡಿತು. ಏನೂ ಸಿಗಲಿಲ್ಲ. ಒಡೆಯಿತು. ಅವಳು ಕುತ್ತಿಗೆಗೆ ಕೈ ಇಟ್ಟುಕೊಂಡಳು. ಸಾವಿರ ಮದುವೆಗಳ ಗದ್ದಲದ ಮೇಲೆ ತೇಲಿದ ಆ ದನಿ ಒಡೆದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಗುಂಡಿ ಒತ್ತಿ ಡೆಕ್ಕು ನಿಲ್ಲಿಸುವುದು ಮರೆತೇಹೋಯಿತು. ಟೇಪು ಸುಮ್ಮನೆ ಓಡುತ್ತಲೇ ಇತ್ತು.

ವ್ಯಾಪಾರಿ ಕೆಟ್ಟವರಲ್ಲ, ಮೆತ್ತಗೆ ಹೇಳಿದರು. ಸ್ವರ ತಪ್ಪಿ ಬೇಸೂರ ಆಗುತ್ತಿದೆ, ವಯಸ್ಸಿನ ದನಿ, ಹುಡುಗಿಗೆ ಹೇಳಿ ಕಳಿಸುತ್ತೇನೆ, ಅಕ್ಕ ಕಲಿಸಿಕೊಟ್ಟರೆ ಸಾಕು ಎಂದರು.

ಪಕ್ಕದ ಮನೆಯವಳು ಬಾಯಿ ಹಾಕಿದಳು. "ಗುಂಯಿ ತಗದ ಮ್ಯಾಲ ಹೆಂಗ ಹಾಡ್ಯಾಳ್ರೀ ಆಕಿ? ನಿಮ್ಮ ಕಾಲಾಗಿನ ನೆಲ ಜಗ್ಗಿದ್ರ ನೀವು ನಿಂದರ್ತೀರೇನು?"

ನನಗೆ ಆಗ ಹೊಳೆಯಿತು. ಮಗ್ಗದ ಮೇನ್ ಸ್ವಿಚ್ಚು ಹಾಕಿ ಪಟ್ಟಾ, ಅಂದರೆ ಬೆಲ್ಟು, ಏರಿಸುವ ಮೊದಲು ಮೋಟಾರು ನಿಂತಲ್ಲೇ ಗುಂಯ್ ಎನ್ನುತ್ತದೆ. ನಮ್ಮ ಓಣಿಯ ಹೆಂಗಸರು ಆ ನಾದದ ಮೇಲೆ ದನಿ ಇಟ್ಟುಕೊಂಡು, ಆಮೇಲೆ ಮಗ್ಗ ಓಡಿಸಿ, ಅದರ ಖಡಲ್ ಖಡಲ್ ಮೇಲೆ ಹಾಡುತ್ತಿದ್ದರು. "ಗುಂಯಿ ಹಿಡಕೋ" ಎಂದರೆ ಶ್ರುತಿ ಹಿಡಿ ಎಂದರ್ಥ. ವ್ಯಾಪಾರಿ ಗುಂಯಿ ತೆಗೆಯಿರಿ ಎಂದದ್ದು ಗದ್ದಲ ತೆಗೆಯಿರಿ ಎಂದು. ಅಕ್ಕನಿಗೆ ಕೇಳಿದ್ದು ಶ್ರುತಿ ತೆಗೆಯಿರಿ ಎಂದು. ಬಿಸ್ಕೀಟಿನ ಡಬ್ಬಿ ಹಾಡುತ್ತಿದ್ದದ್ದೂ ಅದೇ ತಂತಿಯ ಕರೆಂಟಿನ ಅದೇ ನಾದ.

ಅಕ್ಕ ಕುತ್ತಿಗೆಯಿಂದ ಕೈ ತೆಗೆದಳು. ದನಿ ಏರಿಸಲಿಲ್ಲ.

"ಪೆಟ್ಟಿಗಿ ಮುಚ್ಚರಿ ಮಾಲಕರ. ನಿಮ್ಮ ಪೆಟ್ಟಿಗ್ಯಾಗ ನನ್ನ ಮನಿ ಇಲ್ಲ." ಆಮೇಲೆ ನನಗೆ: "ತಮ್ಮಾ, ಗುಂಯಿ ಹಚ್ಚು."

ಹಚ್ಚಿದೆ. ವಾಲ್ವು ಕಾಯಲು ಸ್ವಲ್ಪ ಹೊತ್ತು ಬೇಕು. ಡಬ್ಬಿಯ ತೂತುಗಳಲ್ಲಿ ಕೆಂಪು ಕಾಣಿಸಿತು, ನಾದ ಮೆಲ್ಲಗೆ ತುಂಬಿತು. ಅಕ್ಕ ಕಣ್ಣು ಮುಚ್ಚಿ ನಿಂತಳು, ತುಟಿ ತೆರೆಯದೆ ಅದರ ಮೇಲೆ ದನಿ ಕೂರಿಸಿದಳು. ಹಾಡತೊಡಗಿದಳು. ಗೋಡೆಯ ಹಾಗೆ ನಿಂತಿತು ಆ ದನಿ. ವ್ಯಾಪಾರಿ ಪೆಟ್ಟಿಗೆ ಪೂರ್ತಿ ಮುಚ್ಚಿರಲಿಲ್ಲ. ಬಿಳಿ ಐದು ಒತ್ತಿ ನೋಡಿದರು, ಕೂಡಲಿಲ್ಲ. ಪಕ್ಕದ ಕಪ್ಪು ನಾಲ್ಕು ಒತ್ತಿದರು, ಅದೂ ಇಲ್ಲ. ಅವಳು ಎರಡರ ನಡುವೆ ಇದ್ದಳು, ಕೊನೆಯವರೆಗೂ ಅಲ್ಲೇ ಇದ್ದಳು.

ಪೆಟ್ಟಿಗೆಯ ದನಿ ಕೇಳಿ ಅಕ್ಕ ಕಣ್ಣು ತೆರೆದಳು. ಹಾಡು ನಿಲ್ಲಿಸದೆ, ಅಲ್ಲೇ, ಹೊಸ ನುಡಿಯೊಂದನ್ನು ಕಟ್ಟಿ ಸೇರಿಸಿದಳು. ಶಹಾಪುರದಿಂದ ಒಬ್ಬ ಬೀಗ ಬಂದ, ಬಿಳಿ ಮನೆ ಕರಿ ಮನೆ ಎಲ್ಲ ಹೆಗಲ ಮೇಲೆ ಹೊತ್ತು ತಂದ, ಒಂದರಲ್ಲೂ ನಮಗೆ ಕೂರಲು ಜಾಗ ಇಲ್ಲವಂತೆ ಎಂದು. ಪಕ್ಕದವಳು ಹಿಮ್ಮೇಳದ ನಡುವೆ ನಕ್ಕುಬಿಟ್ಟಳು. ಆ ನಗು ಟೇಪಿನಲ್ಲಿದೆ. ಬೀಗರ ಹಾಡಿಗೆ ಸಿಟ್ಟಾಗಬಾರದೆಂಬುದು ರೂಢಿ. ವ್ಯಾಪಾರಿಯೂ ನಕ್ಕರು. ನಾನು ಕಂಡಿದ್ದೇನೆ.

ಹಾಡು ಮುಗಿದ ಮೇಲೆ ಬೂದು ಡಬ್ಬಿಯನ್ನು ಕಿಸೆಗೆ ಹಾಕಿಕೊಂಡರು. "ನಗು ಬಂತು ಅಕ್ಕಾರ. ಖರೇ ಇದು ಮಾಲು ಆಗೂದಿಲ್ಲ. ಕೆಳಗ ಗುಂಯಿ ಐತಿ, ಮ್ಯಾಲ ಬೇಸೂರ ಐತಿ."

"ಕೆಳಗಿಂದು ಕೇಳಿದ್ರ ಮ್ಯಾಲಿಂದು ತಿಳೀತಿತ್ತು," ಎಂದಳು ಅಕ್ಕ.

ಹುಡುಗಿಗೆ ಅವಳು ಹಾಡು ಕಲಿಸಲಿಲ್ಲ. ಶಹಾಪುರದಿಂದ ಕ್ಯಾಸೆಟ್ಟೂ ಬರಲಿಲ್ಲ. ಖಾನಾಪುರದ ಅಂಗಡಿಯಲ್ಲಿ ಗೆಳೆಯನೂ ನಾನೂ ಎರಡು ಡೆಕ್ಕು ಜೋಡಿಸಿ ಆ ಟೇಪಿನ ಪ್ರತಿ ತೆಗೆದೆವು. ಅವು ಮದುವೆಯಿಂದ ಮದುವೆಗೆ ಕೈ ಬದಲಿಸಿದವು. ಒಮ್ಮೆ ಬೀಡಿ ಎಂಬ ಊರಿಗೆ ಹೋಗುವ ಬಸ್ಸಿನಲ್ಲಿ ಡ್ರೈವರ್ ಅದನ್ನು ಹಚ್ಚಿದ್ದ. ಗುಂಯಿ ಬಸ್ಸಿನ ಇಂಜಿನ್ನಿನೊಳಗೆ ಕರಗಿತ್ತು, ದನಿ ಮಾತ್ರ ನಿಂತಿತ್ತು. ಬೇರೆಯವರ ದನಿ ಹಿಡಿಯಲು ಆಮೇಲೆ ನಾನು ಬೇರೆ ಪ್ರಿಆಂಪುಗಳನ್ನು ತಂದೆ, ಮಾರಿದೆ. ಅಕ್ಕನ ಮುಂದೆ ಬಿಸ್ಕೀಟಿನ ಡಬ್ಬಿಯನ್ನೇ ಇಟ್ಟೆ. ಅದು ಗುಂಯ್‌ಗುಡುತ್ತದೆ ಎಂದು ಯಾರು ಹೇಳಿದರೂ ಹೌದು ಎಂದಿದ್ದೇನೆ, ತೆಗೆಯುವುದಿಲ್ಲ ಎಂದಿದ್ದೇನೆ.

ಈಚೆಗೆ ಪರಿಚಯದವರೊಬ್ಬರು ಆ ಟೇಪನ್ನು ಕಂಪ್ಯೂಟರಿನಲ್ಲಿ ಸ್ವಚ್ಛ ಮಾಡಿಕೊಡುತ್ತೇನೆ ಎಂದು ಒಂದು ಹಾಡಿನ ಗುಂಯಿ ತೆಗೆದು ಕೇಳಿಸಿದರು. ಕೆಲಸ ಅಚ್ಚುಕಟ್ಟಾಗಿತ್ತು. ಅಕ್ಕನ ದನಿ ಗಾಳಿಯಲ್ಲಿ ಒಬ್ಬಂಟಿಯಾಗಿ ತೂಗುತ್ತಿತ್ತು. ಮುಂದೆ ಯಾರಾದರೂ ಅದಕ್ಕೆ ಹಾರ್ಮೋನಿಯಂ ಹಿಡಿದು ನೋಡಿದರೆ ಬೇಸೂರ ಎಂದೇ ಹೇಳುತ್ತಾರೆ. ನನ್ನ ಮುಂದೆಯೇ ಅಳಿಸಲು ಹೇಳಿದೆ. ಅಳಿಸಿದ್ದನ್ನು ಕಂಡ ಮೇಲೆ ಎದ್ದು ಬಂದೆ. ಆಮೇಲೆ ಇದನ್ನು ಬರೆಯಲು ಕೂತೆ.

ವ್ಯಾಪಾರಿ ತೀರಿಕೊಂಡಿದ್ದಾರೆ, ಅವರ ಸಾಕ್ಷಿ ಈಗ ಕೇಳುವಂತಿಲ್ಲ. ಖಾನಾಪುರದ ಗೆಳೆಯ ಇದ್ದಾನೆ, ಒಂದು ಕಿವಿ ಹೋಗಿದೆ, ಆ ದಿನ ಎರಡೂ ಚೆನ್ನಾಗಿದ್ದವು. ಪಕ್ಕದ ಮನೆಯವಳು ಇದ್ದಾಳೆ, ಕೇಳಿದರೆ ಆ ಹೊಸ ನುಡಿಯನ್ನು ಈಗಲೂ ನಗದೆ ಹೇಳಲಾರಳು. ಅಕ್ಕ ಇದ್ದಾಳೆ. ಫ್ರಿಜ್ಜು ಗುಂಯ್ ಎಂದಾಗ ಅಡುಗೆಮನೆಯಿಂದ ಅವಳ ದನಿ ಕೇಳುತ್ತದೆ, ಬಿಳಿ ಐದಕ್ಕೂ ಕಪ್ಪು ನಾಲ್ಕಕ್ಕೂ ನಡುವೆ.