ಮಗಳು ದೂಡಿದ ತಟ್ಟೆಗಳು

ನನ್ನ ಮಗಳು ಊಟ ಬೇಡವೆಂದು ಅಳುವುದಿಲ್ಲ, ಎಸೆಯುವುದೂ ಇಲ್ಲ. ತೋರುಬೆರಳನ್ನು ತಟ್ಟೆಯ ಅಂಚಿಗಿಟ್ಟು ಮೆಲ್ಲಗೆ ದೂಡುತ್ತಾಳೆ, ಅಷ್ಟೆ. ಒಮ್ಮೆ ಹಾಗೆ ದೂಡಿದ್ದನ್ನು ಅವಳು ಮತ್ತೆ ಮುಟ್ಟಿದ್ದನ್ನು ನಾನು ಕಂಡಿಲ್ಲ. ನಮ್ಮ ಮಿರ್ಜಾನದಲ್ಲಿ ಹೊಳೆ ಉಕ್ಕಿ ಅಂಗಳಕ್ಕೆ ಬಂದಾಗಲೂ ನಾನು ಹೆದರಿದವಳಲ್ಲ. ಏಳು ವರ್ಷದ ಹುಡುಗಿಯ ಆ ಬೆರಳಿಗೆ ಹೆದರುತ್ತೇನೆ.

ಅವಳಿಗೆ ಆಟಿಸಂ ಇದೆ. ಮಾತು ಬಂದಿಲ್ಲ. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂದು ಯಾರಾದರೂ ಗಾದೆ ಬಿಟ್ಟರೆ ನನಗೆ ಮೈ ಉರಿಯುತ್ತದೆ. ಎರಡನ್ನೂ ಅರಿಯದ ಮಗುವಿನ ಗತಿ ಏನೆಂದು ಗಾದೆ ಕಟ್ಟಿದವನು ಯಾಕೆ ಹೇಳಲಿಲ್ಲ? ಕಳೆದ ವರ್ಷದ ತನಕ ಅವಳು ತಿನ್ನುತ್ತಿದ್ದದ್ದು ನಾಲ್ಕೇ: ಒಂದೇ ಬಗೆಯ ಬಿಸ್ಕತ್ತು, ಹಾಲು, ಬರೀ ಉಪ್ಪು ಅರಿಶಿನ ಸವರಿ ಹುರಿದ ಬಂಗಡೆ, ಮತ್ತೆ ಕುಚ್ಚಲಕ್ಕಿಯ ಗಂಜಿ. ಆ ನಾಲ್ಕರಲ್ಲೇ ಗುಂಡಗೆ ಬೆಳೆಯುತ್ತಿದ್ದಳು. ಅದು ನಮಗೆ ಸಾಲಲಿಲ್ಲ.

ಹೊನ್ನಾವರದಲ್ಲಿ ಇಂಥ ಮಕ್ಕಳಿಗೆಂದು ಒಂದು ಶಿಬಿರ ನಡೆಯಿತು. ಅಲ್ಲಿ ಇಸ್ತ್ರಿ ಅಂಗಿಯ ಒಬ್ಬ, ಡಾಕ್ಟರೇ ಅಲ್ಲವೆಂದು ಆಮೇಲೆ ತಿಳಿಯಿತು, "ಗೋಧಿ ಬಿಡಿಸಿ, ಹಾಲು ಬಿಡಿಸಿ. ಮೂರು ತಿಂಗಳಲ್ಲಿ ಅಮ್ಮ ಅಂತಾಳೆ" ಎಂದ. ಆ ಒಂದು ಶಬ್ದದ ಆಸೆಗೆ ನಾನೂ ಗಂಡನೂ ಬಿದ್ದೆವು. ಬಿಸ್ಕತ್ತನ್ನೆಲ್ಲ ಪಕ್ಕದ ಮನೆಗೆ ಕೊಟ್ಟು, ಹಾಲು ನಿಲ್ಲಿಸಿದೆವು. ಮೂರು ತಿಂಗಳಾಯಿತು. ಅಮ್ಮ ಎನ್ನಲಿಲ್ಲ. ಸಾಕೆಂದು ಮತ್ತೆ ಹಾಲು ಕೊಟ್ಟರೆ ಲೋಟಕ್ಕೆ ಬೆರಳಿಟ್ಟು ದೂಡಿದಳು. ಅದೇ ಪೊಟ್ಟಣದ ಅದೇ ಬಿಸ್ಕತ್ತನ್ನೂ ದೂಡಿದಳು.

ಅಷ್ಟರಲ್ಲಿ ಶ್ರಾವಣ ಬಂತು. ನಮ್ಮಲ್ಲಿ ಶ್ರಾವಣ ಹಿಡಿದರೆ ಚೌತಿ ಮುಗಿಯುವ ತನಕ ಮೀನು ಮನೆಯೊಳಗೆ ಬರುವುದಿಲ್ಲ. ಮೀನು ಹುರಿಯುವ ಕಾವಲಿಯನ್ನು ಅತ್ತೆ ಬೂದಿ ಹಾಕಿ ತಿಕ್ಕಿ, ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕುತ್ತಾರೆ.

"ಅತ್ತೆ, ಇವಳಿಗೆ ಮಾತ್ರ ಹಿತ್ಲಲ್ಲಿ ಹುರ್ದು ಕೊಡ್ತೆ," ಎಂದೆ.

"ಒಂದ್ ತಿಂಗ್ಳಿಗೆ ಎಂತ ಆಗ್ತದೆ? ಹಸಿವಾದ್ರೆ ಕೂಸು ಎಂತಾದ್ರೂ ತಿಂತದೆ. ನಮ್ಮನೆ ಮಕ್ಳೆಲ್ಲ ಹಾಂಗೇ ಬೆಳ್ದದ್ದು," ಎಂದರು ಅತ್ತೆ.

ಅವರು ಕೆಟ್ಟವರಲ್ಲ. ಮೊಮ್ಮಗಳಿಗೆ ಮಾತು ಬರಲೆಂದೇ ಆ ವರ್ಷ ವ್ರತವನ್ನು ಇನ್ನಷ್ಟು ಬಿಗಿ ಮಾಡಿದ್ದರು. ದೇವರ ವಿಷಯದಲ್ಲಿ ಹಟ ಮಾಡಿ, ನಾಳೆ ಏನಾದರೂ ಆದರೆ ಎಂಬ ಹೆದರಿಕೆ ನನಗೂ ಇತ್ತು. ಹಿತ್ತಲಲ್ಲಿ ಒಲೆ ಹಚ್ಚಲಿಲ್ಲ.

ಚೌತಿ ಮುಗಿದ ಮೂರನೇ ದಿನ ತದಡಿಯ ಮೀನಿನಾಕೆ ಜಗಲಿಯ ಮೇಲೆ ಬುಟ್ಟಿ ಇಳಿಸಿದಳು. "ಕೂಸಿಗಂತ್ಲೇ ತಂದೆ ಅಕ್ಕ," ಎಂದು ದೊಡ್ಡ ಬಂಗಡೆಯನ್ನೇ ಆರಿಸಿ ಕೊಟ್ಟಳು. ಮೊದಲೆಲ್ಲ ಹುರಿಯುವ ವಾಸನೆ ಬಂದರೆ ಸಾಕು, ಮಗಳು ಒಲೆಯ ಹತ್ತಿರ ಬಂದು ನಿಲ್ಲುತ್ತಿದ್ದಳು. ಅಂದು ಬರಲಿಲ್ಲ. ತಟ್ಟೆ ಇಟ್ಟೆ. ಗುರುತಿಲ್ಲದ ನೆಂಟರನ್ನು ನೋಡುವ ಹಾಗೆ ಬಂಗಡೆಯನ್ನು ನೋಡಿ, ಬೆರಳಿಟ್ಟು ದೂಡಿದಳು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಅಯ್ಯೋ, ಎಂತ ಮಾಡ್ಬಿಟ್ಟೆ ನಾನು," ಎಂದು ಅಲ್ಲೇ ಕುಸಿದು ಕೂತರು. ನಾನು ಅವರನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಉಳಿದದ್ದು ಗಂಜಿ ಒಂದೇ. ಕುಮಟೆಯ ಮಕ್ಕಳ ಡಾಕ್ಟರು ಅವಳ ತೂಕವನ್ನು ಎರಡೆರಡು ಸಲ ನೋಡಿದರು. ಆಮೇಲೆ, "ಈಗ ತಿನ್ನೋದನ್ನ ಯಾವ ಕಾರಣಕ್ಕೂ ಕೆಡಿಸಬೇಡಿ. ಅದರೊಳಗೆ ಏನನ್ನೂ ಅಡಗಿಸಬೇಡಿ. ಹೊಸದನ್ನ ಬೇರೆ ತಟ್ಟೆಯಲ್ಲಿ ಪಕ್ಕಕ್ಕಿಡಿ, ಮುಟ್ಟದಿದ್ರೂ ದಿನಾ ಇಡಿ," ಎಂದರು. ಇಂಥ ಮಕ್ಕಳ ಆಹಾರ ನೋಡುವವರಿಗೆ ಚೀಟಿ ಬರೆದು ಕೊಟ್ಟರು. ಅವರು ಸಿಗುವುದು ಮುಂದಿನ ವಾರ.

ಒಂದು ವಾರ ಕಾಯಬೇಕಿತ್ತು, ಹೆಚ್ಚೇನಲ್ಲ. ಶಿಬಿರದವನನ್ನು ಬಾಯ್ತುಂಬ ಬೈದವಳು ನಾನು. ಅತ್ತೆಯನ್ನು ಮನಸ್ಸಿನಲ್ಲೇ ಬೈದವಳು. ಆದರೆ ಸ್ನಾನ ಮಾಡಿಸುವಾಗ ಅವಳ ಬೆನ್ನಿನ ಎಲುಬು ಒಂದೊಂದಾಗಿ ಕೈಗೆ ತಾಗಿತು. ಮರುದಿನ ಬೆಳಿಗ್ಗೆ, ಯಾರಿಗೂ ಹೇಳದೆ, ಮೆಡಿಕಲ್ ಅಂಗಡಿಯಿಂದ ತಂದ ಶಕ್ತಿಯ ಪುಡಿಯನ್ನು ಅರ್ಧ ಚಮಚ ಗಂಜಿಯಲ್ಲಿ ಕದಡಿದೆ. ಬಣ್ಣ ಬದಲಾಗಲಿಲ್ಲ. ನೆಕ್ಕಿ ನೋಡಿದೆ, ನನ್ನ ನಾಲಿಗೆಗೆ ಏನೂ ತಿಳಿಯಲಿಲ್ಲ.

ಮಗಳು ಒಂದು ತುತ್ತು ಬಾಯಿಗಿಟ್ಟಳು. ನುಂಗಲಿಲ್ಲ. ಎಂದೂ ಯಾರ ಮುಖವನ್ನೂ ನೆಟ್ಟಗೆ ನೋಡದವಳು ನನ್ನ ಮುಖವನ್ನು ನೋಡಿದಳು. ಆಮೇಲೆ ತುತ್ತನ್ನು ಅಂಗೈಗೆ ಉಗುಳಿ, ಇನ್ನೊಂದು ಕೈಯ ಬೆರಳನ್ನು ತಟ್ಟೆಯ ಅಂಚಿಗೆ ತಂದಳು.

ನಾನು ಈಚೆಯಿಂದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳು ದೂಡಿದಳು. ನಾನು ಬಿಡಲಿಲ್ಲ.

"ಕೂಸು ಗಂಜಿ ಉಣ್ತದಾ?" ಎಂದು ಒಳಗಿಂದ ಅತ್ತೆ ಕೂಗಿ ಕೇಳಿದರು.

"ಉಣ್ತದೆ, ಅತ್ತೆ," ಎಂದೆ.