ಬತ್ತಿಯ ತಳದ ಹಳದಿ ಪುಡಿ

ಇಸ್ತ್ರಿ ಮಾಡುವ ಹಲಗೆಗೆ ಹಾಸಿದ ಕಂಬಳಿಯಲ್ಲಿ ಎಂದೋ ಬಿದ್ದ ಮೇಣದ ಹನಿಯೊಂದು ಅಡಗಿ ಕುಳಿತಿತ್ತು. ನಿನ್ನೆ ಬಿಸಿ ಇಸ್ತ್ರಿ ಅದರ ಮೇಲೆ ಹಾಯ್ದಾಗ ಜೇನುಮೇಣದ ವಾಸನೆ ಎದ್ದಿತು; ಗಿರಾಕಿಯ ಅಂಗಿಗೆ ಕಲೆಯೂ ಹತ್ತಿತು. ಕಲೆ ತೆಗೆಯುವುದು ನನಗೆ ಗೊತ್ತು. ಆದರೂ ಅಂಗಿ ಹಿಡಿದುಕೊಂಡು ಸುಮ್ಮನೆ ಕುಳಿತೆ.

ನಾನು ಬೆಟಗೇರಿಯಲ್ಲಿ ದರ್ಜಿ. ಬಟ್ಟೆ ಹೊಲಿಯುವುದರ ಜೊತೆಗೆ ಜನರ ಕಿವಿಗೆ ಬತ್ತಿ ಹಚ್ಚುತ್ತಿದ್ದೆ ಎಂದರೆ ನಿಮಗೆ ನಗು ಬಂದೀತು. ಲಕ್ಷ್ಮೇಶ್ವರದ ಸೋದರತ್ತೆಯಿಂದ ಕಲಿತದ್ದು. ಹಳೆಯ ಧೋತರದ ಪಟ್ಟಿಯನ್ನು ಕರಗಿದ ಮೇಣದಲ್ಲಿ ಅದ್ದಿ, ಕೊಳವೆಯಂತೆ ಸುತ್ತಿ, ಸಣ್ಣ ತುದಿಯನ್ನು ಕಿವಿಯ ಬಾಯಿಗಿಟ್ಟು ಮೇಲಿನ ತುದಿಗೆ ಕಡ್ಡಿ ಗೀರುವುದು. ಬಿಸಿ ಹನಿ ಕೆನ್ನೆಗೆ ಬೀಳದಂತೆ ನಡುವೆ ಒಂದು ಮುತ್ತುಗದ ಎಲೆ. ಬೆಂಕಿ ಕಿವಿಯ ಹೊಲಸನ್ನು ಮೇಲಕ್ಕೆಳೆಯುತ್ತದೆ ಎಂದು ಅತ್ತೆ ಹೇಳಿದ್ದಳು. ಉಳಿದ ತುಂಡನ್ನು ಕತ್ತರಿಯಿಂದ ಸೀಳಿದರೆ ಒಳಗೆ ಹಳದಿ ಪುಡಿ ಇರುತ್ತಿತ್ತು. ಅದನ್ನು ತೋರಿಸಿಯೇ ಕಳಿಸಬೇಕು, ಇಲ್ಲದಿದ್ದರೆ ಮಲಗಿದವರಿಗೆ ಸಮಾಧಾನವಿಲ್ಲ. ತೋರಿಸುವಾಗ ನನ್ನ ಗತ್ತು ಯಾವ ಡಾಕ್ಟರಿಗೂ ಕಡಿಮೆ ಇರಲಿಲ್ಲ.

ಎಲ್ಲರಿಗಿಂತ ಹೆಚ್ಚು ಬತ್ತಿ ಉರಿದದ್ದು ನನ್ನ ಹೆಂಡತಿ ಗಂಗವ್ವನ ಬಲಗಿವಿಯಲ್ಲಿ. ಚಿಕ್ಕಂದಿನಿಂದ ಸೋರುತ್ತಿದ್ದ ಕಿವಿ ಅದು. ಅಮಾವಾಸ್ಯೆಗೊಮ್ಮೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು.

"ನೋಡ ಇಲ್ಲೆ, ಎಷ್ಟ ಬಂದೈತಿ!" ಎನ್ನುತ್ತಿದ್ದೆ.

"ನಿಮ್ಮವ್ವ ಬೈದದ್ದೆಲ್ಲಾ ಬಂತೇನ ನೋಡ್ರಿ. ಇಪ್ಪತ್ತ ವರ್ಷದಿಂದ ಒಳಗ ಕುಂತಿತ್ತು."

ಗೋಡೆಯಾಚೆಯಿಂದ ನಮ್ಮವ್ವ ಬಿಡುತ್ತಿರಲಿಲ್ಲ: "ಇನ್ನೊಂದ ಬತ್ತಿ ಹಚ್ಚೋ, ಭಾಳ ಉಳದೈತಿ!"

ಅವಳ ನೋವು ಇಳಿದು ನಿದ್ದೆ ಹತ್ತುತ್ತಿದ್ದುದು ಸುಳ್ಳಲ್ಲ. ಅದು ಬಿಸಿಯ ಹಿತವೋ, ತೊಡೆಯ ಹಿತವೋ, ಈಗ ಯಾರನ್ನು ಕೇಳಲಿ?

ಹೋದ ಬೇಸಿಗೆಯಲ್ಲಿ ಅವಳಿಗೆ ತಲೆ ತಿರುಗತೊಡಗಿತು, ಆಮೇಲೆ ಜ್ವರ ಬಂತು. "ದವಾಖಾನಿಗೆ ಹೋಗೂಣೇನ್ರಿ?" ಎಂದು ಅವಳೇ ಕೇಳಿದಳು. ಅದುವರೆಗೆ ಅವಳು ಹಾಗೆ ಕೇಳಿದವಳಲ್ಲ. "ಇಷ್ಟ ಹೊಲಸ ಬರಾಕ ಹತ್ತೈತಿ, ಪೂರಾ ಹೋಗಲಿ ತಡಿ" ಎಂದೆ. ಒಂದೇ ವಾರದಲ್ಲಿ ಮೂರು ಬತ್ತಿ ಹಚ್ಚಿದೆ. ಬಾಯಿ ಒಂದು ಕಡೆಗೆ ವಾಲಿದ ದಿನ ಎತ್ತಿಕೊಂಡು ಓಡಿದೆ. ಕಿವಿಯ ಕೀವು ಮಿದುಳಿಗೆ ಏರಿದೆ ಎಂದರು ಡಾಕ್ಟರು. "ಒಂದ್ ವಾರ ಮೊದಲ ಬಂದಿದ್ರ..." ಎಂದವರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು. ಮೂರನೆಯ ದಿನ ಅವಳು ಹೋದಳು.

ತಿಂಗಳ ಮೇಲೆ ಹೊಲಿಗೆ ಯಂತ್ರದ ಖಾನೆಯಲ್ಲಿ ಅವಳಿಗೆಂದು ಸುತ್ತಿಟ್ಟ ಒಂದು ಬತ್ತಿ ಸಿಕ್ಕಿತು. ಯಾಕೆ ಹಾಗೆ ಮಾಡಿದೆನೋ, ಖಾಲಿ ಚಹಾದ ಗ್ಲಾಸಿನಲ್ಲಿ ನಿಲ್ಲಿಸಿ ಹಚ್ಚಿದೆ. ಸೀಳಿ ನೋಡಿದರೆ ಅದೇ ಹಳದಿ ಪುಡಿ, ಎಂದಿನಷ್ಟೇ. ನಾನೇ ಕರಗಿಸಿದ ಮೇಣವನ್ನು ಇಪ್ಪತ್ತು ವರ್ಷ ಅವಳ ರೋಗವೆಂದು ಅವಳಿಗೇ ತೋರಿಸಿದ್ದೆ.

ನಿನ್ನೆ ಸಂಜೆ ಆ ಅಂಗಿ ಇನ್ನೂ ನನ್ನ ಮಡಿಲಲ್ಲೇ ಇದ್ದಾಗ ಯಳವತ್ತಿಯಿಂದ ಗಂಡ ಹೆಂಡತಿ ಬಂದರು. ಗಂಡನಿಗೆ ಕಿವಿನೋವು, ಎರಡು ದಿನದಿಂದ ಜ್ವರ. ನಾನು ಹಿಂದೆ ಸುತ್ತಿಕೊಟ್ಟಿದ್ದ ಎರಡು ಬತ್ತಿಗಳನ್ನು ಅವರೇ ತಂದಿದ್ದರು. ಒಲ್ಲೆ ಎಂದರೆ ಕೇಳಲಿಲ್ಲ. ಕಡೆಗೆ ಒಂದನ್ನು ಅವರ ಎದುರಿಗೇ ಗ್ಲಾಸಿನಲ್ಲಿ ಉರಿಸಿ, ಸೀಳಿ ಮುಂದೆ ಹಿಡಿದೆ.

ಅವನು ಕಣ್ಣರಳಿಸಿದ. "ಅಬಾಬಾ! ಗ್ಲಾಸಿನ ಹೊಲಸೂ ಬಿಡಲಿಲ್ಲಲ್ರಿ ಮಾಸ್ತರ! ನಿಮ್ಮ ಕೈಗುಣ ಖರೆ." ಹೇಳುತ್ತಲೇ ಬೆಂಚಿನ ಮೇಲೆ ಕಿವಿ ಮೇಲೆ ಮಾಡಿ ಮಲಗಿಬಿಟ್ಟ.

"ಏಳ್ರಿ" ಎಂದೆ. "ನನ್ನ ಹೆಂಡ್ತಿ ದವಾಖಾನಿಗೆ ಹೋಗೂಣು ಅಂದ್ಲು. ನಾ ಬತ್ತಿ ಹಚ್ಚಕೋತ ಕುಂತೆ. ಅದಕ್ಕ ಸತ್ತಳು."

ಯಾರ ಮುಂದೆಯೂ ಆಡಿರದ ಮಾತು. ನಮ್ಮವ್ವನ ಮುಂದೆಯೂ ಆಡಿರಲಿಲ್ಲ. ಅವನು ಎದ್ದು ಕುಳಿತ. ಅವನ ಹೆಂಡತಿ ನನ್ನನ್ನು ಬಹಳ ಕನಿಕರದಿಂದ ನೋಡಿದಳು.

"ಹಂಗನಬ್ಯಾಡ್ರಿ ಅಣ್ಣಾ. ಅಕಿ ಆಯುಷ್ಯ ಅಷ್ಟ ಇತ್ತು. ನೀವೇನ ಕಮ್ಮಿ ಮಾಡೀರಿ? ಕಡೀತನಕಾ ಬತ್ತಿ ಹಚ್ಚೀರಿ."

ಗಂಡ ಹೌದೆಂದು ತಲೆಯಾಡಿಸಿ ಮತ್ತೆ ಮಲಗಿದ. ಅಂಗಡಿಯ ದೀಪ ಆರಿಸಿ ಹೊರಗೆ ಬಂದು ನಿಂತೆ. ಕತ್ತಲಾದರೂ ಅವನು ಏಳಲಿಲ್ಲ; ಕಡ್ಡಿ ಗೀರುವ ಸದ್ದಿಗಾಗಿ ಅಲುಗದೆ ಕಾಯುತ್ತಿದ್ದ.